ಕಳುವಾದ ಎದೆಹಾಲು

ಹುಮನಾಬಾದಿನ ಸರಕಾರಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಬೆಳಗಿನ ಬಿಸಿಲು ಇನ್ನೂ ಕಿಟಕಿ ಏರಿರಲಿಲ್ಲ. ಖಾಲಿಯಾದ ಹಾಸಿಗೆಯ ಚಾದರ ತೆಗೆಯುತ್ತಿದ್ದ ನರ್ಸ್ ಸುಮೇಧಾಳ ಕೈಗೆ ದಿಂಬಿನಡಿಯಿಂದ ಒಂದು ಹಾಲಿನ ಬಾಟಲಿ ಉರುಳಿಬಂತು. ಎತ್ತಿ ಬೆಳಕಿಗೆ ಹಿಡಿದಳು. ಬಾಟಲಿಯ ಆಚೆಗಿದ್ದ ಕಿಟಕಿಯ ಸರಳುಗಳು ಒಂದೊಂದಾಗಿ ಕಂಡವು.

ಹಾಲಲ್ಲ ಅದು. ಹಾಲಿನ ನೆನಪು ಮಾತ್ರ ಉಳಿದಿದ್ದ ನೀರು.

ಆ ಹಾಸಿಗೆಯ ಹೆಣ್ಣುಕೂಸು ನಸುಕಿನಲ್ಲೇ ಕಣ್ಣು ಮುಚ್ಚಿತ್ತು. ಭೇದಿಯಿಂದ ಬಾಡಿ, ಹಿಡಿಯಷ್ಟಾಗಿ ಬಂದಿದ್ದ ಮೂರು ತಿಂಗಳ ಕೂಸು. ಹೊರಗಿನ ವರಾಂಡದಲ್ಲಿ ಕೂಸಿನ ತಂದೆಯ ತಾಯಿ ಸಖುಬಾಯಿಯ ಮಾತು ಗೋಡೆಗೆ ಬಡಿದು ಒಳಗೆ ಬರುತ್ತಿತ್ತು.

"ನಮ್ಮ ಕುರಿ ಸುದ್ದಾ ಮರಿಗೆ ಹಾಲ ಕುಡಸ್ತದ. ಇಕಿ ತವರಿಂದ ಬರುವಾಗನೇ ಬಾಟ್ಲಿ ಹಿಡ್ಕೊಂಡು ಬಂದಾಳ. ಮೈಯಾಗ ಹನಿ ಹಾಲಿಲ್ಲ, ಇಂಥಾಕಿನ್ನ ಕಟ್ಕೊಂಡು ನನ್ನ ಮಗ ಏನ್ ಮಾಡ್ಬೇಕು?"

ಬೈಸಿಕೊಳ್ಳುತ್ತಿದ್ದವಳು ವರ್ಷಾ, ಕೂಸಿನ ತಾಯಿ. ಗೋಡೆಗೆ ಆತು ಕೂತಿದ್ದಳು. ಅಳುತ್ತಿರಲಿಲ್ಲ. ಅವಳ ಗಂಡ ದತ್ತು ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ.

ಮಕ್ಕಳ ಸಾವಿನ ವಿಚಾರಣೆ ಮಾಡುವ ಜಿಲ್ಲಾ ಅಧಿಕಾರಿ ಡಾಕ್ಟರ್ ರಾಜೇಶ್ವರಿ ಅಂದು ಮಧ್ಯಾಹ್ನವೇ ಬಂದರು. ಬಾಯಲ್ಲಿ ಸದಾ ಒಂದು ಲವಂಗ. ಮಾತು ಕಡಿಮೆ. ಬಾಟಲಿಯನ್ನು ಮೂಸಿ ನೋಡಿ, ವರ್ಷಾಳ ಪಕ್ಕದಲ್ಲಿ ನೆಲದ ಮೇಲೇ ಕೂತರು.

"ನೀರು ಯಾರು ಹೆಚ್ಚ ಹಾಕಿದ್ರವ್ವ?"

"ನಾನೇ ಹಾಕ್ದೆರಿ. ಸಂತಿ ಬರೋ ತನಕ ಡಬ್ಬಿ ಸಾಕಾಗಲಿ ಅಂತ."

"ಎದಿಹಾಲು?"

"ಇಲ್ರಿ. ತಪ್ಪು ನಂದೇ ಅದ."

ಅವಳ ತಾಯಿ ಸೋನುಬಾಯಿ ನಡುವೆ ಬಾಯಿ ಹಾಕಿದಳು. "ಮೊದಲ ಇತ್ತರಿ ಮೇಡಂ. ಬಸವಕಲ್ಯಾಣದಾಗ ಹೆರಿಗಿ ಆಯ್ತು, ಹುಲಸೂರಿಗೆ ನಮ್ಮ ಮನಿಗೆ ಕರ್ಕೊಂಡು ಬಂದೆ. ತೊಟ್ಟಲದಾಗ ಹಾಕಿ ಹೆಸರಿಟ್ಟ ಮ್ಯಾಲ ಹಾಲು ಬತ್ತಿತು. ಆಮ್ಯಾಲ ಮೆಡಿಕಲ್ ಅಂಗಡಿಯಿಂದ ಡಬ್ಬಿ ತಂದೇವು. ಬ್ಯಾರೆ ಹಾದಿನೇ ಇದ್ದಿಲ್ಲ."

"ಬತ್ತೋ ಮೊದಲ ಮನ್ಯಾಗ ಡಬ್ಬಿ ಇತ್ತೇನು?"

"ಎಲ್ಲೀದ್ರಿ? ಇದ್ದಿಲ್ಲ."

ರಾಜೇಶ್ವರಿ ತಲೆ ಆಡಿಸಿ ಎದ್ದರು. ಸಖುಬಾಯಿ ಅವರ ಹಾದಿಗೆ ಅಡ್ಡ ನಿಂತಳು. "ಬರೀರಿ ಮೇಡಂ, ಇಕಿಂದೇ ತಪ್ಪು ಅಂತ ಬರೀರಿ. ನಮ್ಮೂರು ಮನ್ನಾಏಖೇಳ್ಳಿಯಾಗ ನಾಲ್ಕು ಮಂದಿ ಮುಂದ ತೋರಸ್ತೀನಿ. ಇನ್ನ ಇಕಿ ನಮ್ಮ ಹೊಸ್ತಿಲ ತುಳಿಯಂಗಿಲ್ಲ."

"ತಪ್ಪು ಇನ್ನೊಬ್ಬರದಿದ್ರ?"

"ಇನ್ನೊಬ್ಬರದು ಹ್ಯಾಂಗಿರ್ತದ? ಎದಿ ಇಕಿಂದಲ್ಲೇನು?"

ಬಸವಕಲ್ಯಾಣಕ್ಕೆ ಹೊರಟ ಜೀಪಿನಲ್ಲಿ ಕೂತ ಮೇಲೆ ಸುಮೇಧಾ ಕೇಳಿದಳು. "ಹಾಲು ಬತ್ತೋದು ಗುನ್ಹೆ ಹ್ಯಾಂಗಾಗ್ತದ ಮೇಡಂ?"

"ಗಟ್ಟಿಮುಟ್ಟಾದ ಹುಡುಗಿ. ಹುಟ್ಟುವಾಗ ಕೂಸೂ ಚಲೋ ತೂಕ ಇತ್ತು. ಕೂಸು ಎಳದಷ್ಟೂ ಹಾಲು ಇಳಿತದ, ಎಳಿಯೂದು ನಿಂತ್ರ ಹಾಲು ನಿಲ್ತದ. ಇದು ತಾನಾಗಿ ಬತ್ತಿಲ್ಲ ಸುಮೇಧಾ. ಯಾರೋ ಬತ್ತಿಸ್ಯಾರ. ನನ್ನ ಲೆಕ್ಕದಾಗ ಇದು ಕಳವು."

ಕಳವು! ಸುಮೇಧಾಳ ಮನಸ್ಸು ಜೀಪಿಗಿಂತ ಮುಂದೆ ಓಡಿತು. ಅವಳ ಅಜ್ಜಿ ಕೌದಿಯೊಳಗೆ ಎಳೆದುಕೊಂಡು ಹೇಳುತ್ತಿದ್ದ ಕಥೆಗಳಲ್ಲಿ ಕೆಚ್ಚಲಿನ ಹಾಲು ಕದಿಯುವ ಮಾಯಗಾತಿಯೊಬ್ಬಳಿದ್ದಳು. ಮಾಯಗಾತಿಗೆ ಕೋರೆಹಲ್ಲು ಇರಲಿಲ್ಲ, ಕೆದರಿದ ಕೂದಲೂ ಇರಲಿಲ್ಲ. ನೆರೆಮನೆಯ ಹೆಂಗಸಿನಂತೆಯೇ ಇದ್ದಳು. ಅದೇ ಆ ಕಥೆಯ ಭಯ.

ವರ್ಷಾಳ ಹೆರಿಗೆಯಾಗಿದ್ದ ಬಸವಕಲ್ಯಾಣದ ಖಾಸಗಿ ಆಸ್ಪತ್ರೆಯಲ್ಲಿ ಒಂದು ಖೋಲಿ ಸುಮೇಧಾಳಿಗೆ ತವರಿನಂತಿತ್ತು. ಮೆತ್ತನೆಯ ತೂಗುಕುರ್ಚಿ, ತೊಡೆಯ ಮೇಲೆ ಇಟ್ಟುಕೊಳ್ಳುವ ದಿಂಬು, ಗುಲಾಬಿ ಪರದೆ. ಅಲ್ಲಿನ ಶೀತಲ, ತಾಯಂದಿರಿಗೆ ಎದೆಹಾಲು ಕುಡಿಸುವುದನ್ನು ಕಲಿಸುವ ಸಲಹೆಗಾರ್ತಿ. ಕೂಸಿನ ಗದ್ದ ಎದೆಗೆ ತಾಗಬೇಕು, ತುಟಿ ಹೊರಮಡಚಿರಬೇಕು ಎಂದು ಸುಮೇಧಾಳಿಗೂ ಅವಳ ಬಾಣಂತನದಲ್ಲಿ ಕೈಹಿಡಿದು ಕಲಿಸಿದವಳು ಅವಳೇ.

ಸುದ್ದಿ ಕೇಳಿ ಶೀತಲ ಕುರ್ಚಿಯಲ್ಲಿ ಕುಸಿದಳು. ಕಣ್ಣು ತುಂಬಿದವು. ನಟನೆಯಲ್ಲ, ಸುಮೇಧಾ ಅಷ್ಟನ್ನು ಬಲ್ಲಳು.

"ವರ್ಷಾಗ ಎದಿ ತುಂಬ ಹಾಲಿತ್ತು ಮೇಡಂ. ನಾನೇ ಕೂಸಿನ್ನ ಎದಿಗೆ ಹಚ್ಚಿ ಕಲಿಸೀನಿ."

"ಹಂಗಾದ್ರ ಬಾಟ್ಲಿ ಯಾಕ ಬಂತು?"

"ಮನ್ಯಾಗಿನ ಹಿರ್ಯಾರು. ಕೂಸು ಜರಾ ಅತ್ರ ಸಾಕು, ತಾಯಿಗೆ ಹಾಲಿಲ್ಲ ಅಂತಾರ. ನಾವು ಎಷ್ಟಂತ ಹೇಳೂದು?"

"ಈ ಆಸ್ಪತ್ರೆಯಿಂದ ಹಾಲಿನ ಪುಡಿ ಕೊಟ್ಟೀರೇನು?"

"ಇಲ್ಲಿ? ಕಾಯ್ದೆ ಅದ ಮೇಡಂ. ರೊಕ್ಕಾ ತಗೊಳ್ಳದೆ ಫುಕಟ ಕೊಡಂಗಿಲ್ಲ, ಹೆಸರೂ ಹೇಳಂಗಿಲ್ಲ. ಈ ಖೋಲಿಯಾಗ ಅದರ ಮಾತೇ ಇಲ್ಲ."

"ಕುರ್ಚಿ ಚಲೋ ಅದ. ಯಾರು ಕೊಟ್ರು?"

ಶೀತಲ ಪರದೆಯ ಕಡೆ ನೋಡಿದಳು. "ಅವಿನಾಶ ಸರ್ ಅಂತ. ಪುಡಿ ಕಂಪನಿಯವರೇ. ಆದ್ರ ಕುರ್ಚಿ ಮ್ಯಾಲ ಹೆಸರಿಲ್ಲ ನೋಡ್ರಿ. ತಾಯಂದಿರು ಕುಂದ್ರಲಿಕ್ಕ ಕುರ್ಚಿ ಕೊಟ್ರ ತಪ್ಪೇನು?"

"ನಾನು ತಪ್ಪು ಅಂದಿಲ್ಲಲ್ಲ."

"ಬಾಟ್ಲಿಗೆ ನೀರು ಹೆಚ್ಚ ಹಾಕ್ಯಾರ ಅಂದ್ರಿ. ಹಾಕದೆ ಏನ್ ಮಾಡ್ತಾರ, ಪಾಪ. ಆ ಅಂಗೈಯಷ್ಟು ಡಬ್ಬಿ ಎಷ್ಟು ದಿನ ಬಂದೀತು?"

ರಾಜೇಶ್ವರಿ ಲವಂಗವನ್ನು ಕಟ್ಟನೆ ಕಡಿದರು. ಎದ್ದು, ಜೀಪನ್ನು ಹುಲಸೂರಿಗೆ ತಿರುಗಿಸಲು ಹೇಳಿದರು.

ಹುಲಸೂರಿನ ಬಸ್ ನಿಲ್ದಾಣದ ಹತ್ತಿರ ವೈಜನಾಥನ ಮೆಡಿಕಲ್ ಅಂಗಡಿ. ವಿಚಾರಣೆ ಎಂದ ಕೂಡಲೇ ಆತ ಕೈ ಮುಗಿದ.

"ನಾ ಅಂಗಡಿಯಾಂವ ಸಾಬ್... ಅಲ್ಲ, ಮೇಡಂ. ಕೇಳಿದ್ದು ಕೊಡ್ತೀನಿ. ಎಮ್ಮಿ ಕೇಳಿದ್ರ ಅಷ್ಟ ಇಲ್ಲ ಅಂತೀನಿ."

"ಸೋನುಬಾಯಿ ಮೊದಲ ಸಲ ಯಾವಾಗ ಬಂದ್ಲು?"

"ಮೊಮ್ಮಗಳಿಗೆ ಹೆಸರಿಟ್ಟ ಪೇಡೆ ನನ್ನ ಕೈಯಾಗಿಟ್ಟು, ಅದೇ ಕೈಲೆ ಡಬ್ಬಿ ಒಯ್ದಳು. ಅದಕ್ಕಿಂತ ಮೊದಲ ಬಂದಿಲ್ಲ."

"ಯಾವುದು ಬೇಕು ಅಂತ ನಿನ್ನ ಕೇಳಿದ್ಲೇನು?"

"ಛೇ. ಬ್ಯಾರೆ ಕಂಪನಿದು ತೋರಿಸಿದೆ, ಕಣ್ಣೆತ್ತಿ ನೋಡ್ಲಿಲ್ಲ. ಇದೇ ಬೇಕು ಅಂದ್ಲು."

"ಇದರಾಗ ಸಣ್ಣ ಡಬ್ಬಿ ಅದೇನು?"

ವೈಜನಾಥ ಕಪಾಟಿನ ಕಡೆ ಕೈ ಮಾಡಿದ. ಎರಡೂ ಕೈಯಿಂದ ಹಿಡಿಯಬೇಕಾದಂಥ ದೊಡ್ಡ ಡಬ್ಬಿಗಳು. "ಇದೇ ಸೈಜ್ ಬರ್ತದ ಮೇಡಂ. ಸಣ್ಣದು ಮಾರಾಟಕ್ಕ ಬರಂಗೇ ಇಲ್ಲ."

ಸೋನುಬಾಯಿಯ ಮನೆ ಹಿಂದಿನ ಓಣಿಯಲ್ಲೇ. ವರ್ಷಾ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಡನ ಮನೆಯವರು ದವಾಖಾನೆಯಿಂದ ಅವಳನ್ನು ನೇರ ಇಲ್ಲಿಗೇ ಅಟ್ಟಿದ್ದರು. ಸೋನುಬಾಯಿ ಚಹಾಕ್ಕಿಟ್ಟು, "ಇವಳ ಹೊಟ್ಟಿ ನೋಯ್ತದ" ಎಂದು ಗೂಡಿನೊಳಗಿನ ಪುಟ್ಟ ಡಬ್ಬಿಯಿಂದ ಚಿಟಿಕೆ ಅಜವಾನ, ಓಂಕಾಳು, ತೆಗೆದಳು. ಅದೇ ಕಂಪನಿಯ ಹಾಲಿನ ಪುಡಿಯ ಹಳೆಯ ಡಬ್ಬಿ ಅದು. ಮುಚ್ಚಳದ ಮೇಲೆ ಒಣಗಿದ ಅರಿಸಿನ, ಅದರ ಮೇಲೆ ಕುಂಕುಮದ ಐದು ಬೆರಳಿನ ಗೆರೆ. ಸುಮೇಧಾ ನೋಡಿದಳು, ಹಬ್ಬಕ್ಕೆ ಅಡಿಗೆಮನೆಯ ಡಬ್ಬಿಗಳಿಗೆಲ್ಲ ಹಚ್ಚುತ್ತಾರಲ್ಲ, ಹಾಗೇ ಇರಬೇಕೆಂದು ಸುಮ್ಮನಾದಳು.

ರಾಜೇಶ್ವರಿ ಬೇರೆಯೇ ಏನೋ ಕೇಳಿದರು. "ಕೂಸಿಗೆ ಸಟವಿ ಪೂಜಿ ಮಾಡಿದ್ರೇನವ್ವ?"

"ಮಾಡದಿದ್ರ ಹ್ಯಾಂಗ್ರಿ? ಐದನೇ ರಾತ್ರಿ ಸಟವಿ ತಾಯಿ ಬಂದು ಕೂಸಿನ ಹಣಿಮ್ಯಾಲ ಬರೀತಾಳಲ್ಲ."

"ಆಕಿ ಮುಂದ ಏನೇನು ಇಟ್ಟಿದ್ರಿ?"

"ಕೂಸಿಗಂತ ಮನಿಗೆ ಬಂದದ್ದೆಲ್ಲ ಇಡಬೇಕ್ರಿ. ಕುಂಚಿಗಿ, ಕಾಡಿಗಿ, ಕೈಗೆ ಹಾಕೋ ಮಣಿ... ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚತೀವಿ. ತಾಯಿ ಕಣ್ಣಿಗೆ ಬೀಳಬೇಕಲ್ಲ, ಇದು ಈ ಕೂಸಿಂದು ಅಂತ."

"ಆಮ್ಯಾಲ ಬಂದದ್ದಕ್ಕ?"

"ಆಮ್ಯಾಲಿಂದಕ್ಕ ಪೂಜಿ ಯಾತರದ್ರಿ? ಆಕಿ ಬರದು ಹೋಗಿಬಿಟ್ಟಿರ್ತಾಳ."

"ಹಬ್ಬಕ್ಕ ಡಬ್ಬಿಗೆ ಹಚ್ಚೋದು?"

"ನಮ್ಮಲ್ಲಿ ಇಲ್ರಿ. ಒಲಿಗೆ ಅಷ್ಟ."

ರಾಜೇಶ್ವರಿ ಅಜವಾನವನ್ನು ಒಂದು ಬಟ್ಟಲಿಗೆ ಸುರಿದು, ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಸೋನುಬಾಯಿ ಆ ಚೀಲವನ್ನೇ ನೋಡುತ್ತ ಕೂತಳು. ಒಲೆಯ ಮೇಲೆ ಚಹಾ ಉಕ್ಕಿ ಬಿತ್ತು.

ಮರುದಿನ ಹುಮನಾಬಾದ್ ಆಸ್ಪತ್ರೆಯ ಡಾಕ್ಟರ ಖೋಲಿಯಲ್ಲಿ ಎಲ್ಲರೂ ಸೇರಿದರು. ಒಂದು ಬೆಂಚಿನ ಮೇಲೆ ವರ್ಷಾ ಮತ್ತು ಸೋನುಬಾಯಿ. ಎದುರಿಗೆ ಸೆರಗು ಬಿಗಿದುಕೊಂಡು ಸಖುಬಾಯಿ. ಬಾಗಿಲ ಬಳಿಯ ಕುರ್ಚಿಯಲ್ಲಿ ಶೀತಲ. ರಾಜೇಶ್ವರಿ ಮೇಜಿನ ನಡುವೆ ಆ ಪುಟ್ಟ ಡಬ್ಬಿ ಇಟ್ಟರು.

"ಎಲ್ಲಾರೂ ಒಂದೇ ಮಾತು ಹೇಳಿದ್ರಿ. ಹಾಲು ಬತ್ತಿತು, ಅದಕ್ಕ ಡಬ್ಬಿ ಬಂತು. ಈ ಮುಚ್ಚಳ ನೋಡ್ರಿ. ಸಟವಿ ಮುಂದ ಇಟ್ಟ ಡಬ್ಬಿ ಇದು. ಐದನೇ ದಿನಕ್ಕ ಮನ್ಯಾಗ ಇದ್ದದ್ದಕ್ಕ ಮಾತ್ರ ಈ ಕುಂಕುಮ. ಅಂದ್ರ ಹಾಲು ತುಂಬಿದ್ದಾಗನೇ ಡಬ್ಬಿ ಮನಿಗೆ ಬಂದದ. ಹಾಲು ಬತ್ತಿದ್ದಕ್ಕ ಡಬ್ಬಿ ಬರಲಿಲ್ಲ. ಡಬ್ಬಿ ಬಂದದ್ದಕ್ಕ ಹಾಲು ಬತ್ತಿತು."

ರಾಜೇಶ್ವರಿ ಸೋನುಬಾಯಿಯ ಕಡೆ ತಿರುಗಿದರು.

"ಕೂಸು ಅತ್ತಿತು. ಅಜ್ಜಿ ಕೈಗೆ ಡಬ್ಬಿ ಸಿಕ್ತು. ಪುಡಿಹಾಲು ಕುಡಿದ ಕೂಸು ಹೊಟ್ಟಿ ಭಾರಾಗಿ ಮಲಗ್ತು, ಎದಿ ಎಳೀಲಿಲ್ಲ. ಎಳೀದಿದ್ದಕ್ಕ ಹಾಲು ಕಮ್ಮಿ ಆಯ್ತು. ಕಮ್ಮಿ ಆಯ್ತಂತ ಮತ್ತ ಡಬ್ಬಿ. ಫುಕಟ ಡಬ್ಬಿ ತೀರೋದ್ರಾಗ ಎದಿನೂ ತೀರಿತ್ತು. ಆಮ್ಯಾಲ ಅಂಗಡಿ. ಆಮ್ಯಾಲ ನೀರು."

ರಾಜೇಶ್ವರಿ ಡಬ್ಬಿಯನ್ನು ಅಂಗೈ ಮೇಲೆ ಎತ್ತಿಕೊಂಡರು. "ವೈಜನಾಥನ ಅಂಗಡಿಯಾಗ ಸಣ್ಣ ಡಬ್ಬಿ ಬರಂಗಿಲ್ಲ. ನಾನು ಬಾಟ್ಲಿ ಅಂದಿದ್ದೆ, ಪುಡಿ ಅಂದಿದ್ದೆ. ಡಬ್ಬಿ ಎಷ್ಟು ದೊಡ್ಡದು ಅಂತ ಎಲ್ಲೂ ಹೇಳಿದ್ದಿಲ್ಲ. ಆಗ ನಾನೂ ಅದನ್ನ ನೋಡಿದ್ದಿಲ್ಲ. 'ಅಂಗೈಯಷ್ಟು ಡಬ್ಬಿ' ಅಂತ ಒಬ್ಬರು ಮಾತ್ರ ಅಂದ್ರು."

ಸುಮೇಧಾ ಬಾಗಿಲ ಕಡೆ ನೋಡಲಾರದೆ ನೋಡಿದಳು.

"ಶೀತಲ," ರಾಜೇಶ್ವರಿಯ ದನಿ ಏರಲಿಲ್ಲ, "ಬಾಣಂತಿ ಚೀಲದಾಗ ಇಟ್ಟವರು ನೀವು."

ಸೋನುಬಾಯಿ ತಾನೇ ಕಳ್ಳಿಯೆಂಬಂತೆ ಅಳಹತ್ತಿದಳು. "ಯಾರಿಗೂ ಹೇಳಬ್ಯಾಡ್ರಿ, ನಿಮಗಷ್ಟೇ ಅಂತಃಕರಣಲೆ ಕೊಡಾಕತ್ತೇನಿ ಅಂದಿದ್ರರಿ ಅಕ್ಕಾರು. ಉಪಕಾರ ಮಾಡಿದಾಕಿ ಹೆಸರು ಹ್ಯಾಂಗ ತಗೀಲಿ?"

"ಆಸರಕ್ಕಂತ ಒಂದು ಇಟ್ಟಿದ್ದೆ," ಎಂದಳು ಶೀತಲ. "ಕುಡಸ್ರಿ ಅಂತ ನಾ ಅಂದಿಲ್ಲ."

"ಕಲಿಸಿದ ಕೈಯಿಂದಲೇ ಕೊಟ್ರ ಅನ್ನಬೇಕಾಗಿಲ್ಲ. ಅಂಗಡಿಯಾಂವ ಕೊಟ್ಟಿದ್ರ ಸೋನುಬಾಯಿ ಒಂದು ಸಲ ವಿಚಾರ ಮಾಡ್ತಿದ್ಲು. ನೀವು ಕೊಟ್ರಿ, ದೇವರ ಮುಂದ ಇಟ್ಲು."

"ಕೊಡದಿದ್ರ ಅವಿನಾಶ ಸರ್ ಖೋಲಿ ಮುಚ್ಚಿಸ್ತಿದ್ರು ಮೇಡಂ. ಕುರ್ಚಿ, ದಿಂಬು, ನನ್ನ ನೌಕರಿ ಎಲ್ಲಾ ಅವರ ಮಾತಿನ ಮ್ಯಾಲ. ಆ ಖೋಲಿಯಾಗ ಎಷ್ಟು ತಾಯಂದಿರು ಕುಡಿಸೋದು ಕಲ್ತಾರ, ಸುಮೇಧಾನ ಕೇಳ್ರಿ."

"ಕಲ್ತು ಹೋದವರ ಚೀಲದಾಗೆಲ್ಲ ಡಬ್ಬಿ ಇತ್ತೇನು?"

ಶೀತಲ ತಲೆ ತಗ್ಗಿಸಿದಳು. ಕೂಸಿನ ಗದ್ದವನ್ನು ಎದೆಗೆ ಒರಗಿಸಿ ತೋರಿಸಿದ ಆ ಮೆತ್ತನೆಯ ಬೆರಳುಗಳು ಮಡಿಲಲ್ಲಿ ಒಂದನ್ನೊಂದು ಹಿಸುಕುತ್ತಿದ್ದವು. ಹೇಳಿಕೊಟ್ಟದ್ದು ಸುಳ್ಳಲ್ಲ, ಕೊಟ್ಟದ್ದೂ ಸುಳ್ಳಲ್ಲ. ಎರಡನ್ನೂ ಮಾಡಿದ್ದು ಅದೇ ಬೆರಳುಗಳು. ಸುಮೇಧಾಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಳಗೆ ಏನೋ ಬರಿದಾಯಿತು, ಅಷ್ಟೇ.

"ಏನಾಗ್ತದ ಮೇಡಂ ಇನ್ನ?" ಎಂದು ಪಿಸುದನಿಯಲ್ಲಿ ಕೇಳಿದಳು.

"ವರದಿ ಬರೀತೀನಿ. ಆಸ್ಪತ್ರೆಗೆ ನೋಟೀಸು ಹೋಗ್ತದ, ಇವರ ನೌಕರಿ ಹೋಗ್ತದ. ನಮಗೆ ಗೊತ್ತೇ ಇಲ್ಲ ಅಂತ ಕಂಪನಿ ಬರೀತದ. ಅವಿನಾಶ ಇನ್ನೊಂದು ತಾಲೂಕಿಗೆ ಹೋಗ್ತಾನ, ಇನ್ನೊಂದು ಕುರ್ಚಿ ತಗೊಂಡು."

ಸಖುಬಾಯಿ ಎದ್ದು ನಿಂತಳು. ರಾಜೇಶ್ವರಿ ಆಸೆಯಿಂದ ಅವಳ ಮುಖ ನೋಡಿದರು. "ಕೇಳಿದ್ರಲ್ಲವ್ವ? ಸೊಸಿ ತಪ್ಪಿಲ್ಲ. ಬರದು ಕೊಡ್ತೀನಿ. ಮನಿಗೆ ಕರ್ಕೊಂಡು ಹೋಗ್ರಿ."

"ಯಾರರ ಕೊಟ್ಟಿರಲಿ, ಬಾಯಿಗೆ ಹಿಡದಾಕಿ ಇಕಿನೇ ಅಲ್ಲೇನು?" ಎಂದಳು ಸಖುಬಾಯಿ. ದನಿಯಲ್ಲಿ ನಿನ್ನೆಯ ಸಿಟ್ಟೂ ಇರಲಿಲ್ಲ. "ದತ್ತುಗ ಬ್ಯಾರೆ ಕಡಿ ಹೆಣ್ಣು ಮಾತಾಡೀವಿ. ನೀವು ಏನ್ ಬೇಕಾದ್ದು ಬರಕೋರಿ."

ಅವಳ ಚಪ್ಪಲಿಯ ಸಪ್ಪಳ ವರಾಂಡ ದಾಟಿ ಹೋಯಿತು.

ಅಷ್ಟು ಹೊತ್ತೂ ತಲೆ ಎತ್ತದಿದ್ದ ವರ್ಷಾ ಆಗ ಎತ್ತಿದಳು. ಹೋದವಳ ಕಡೆ ನೋಡಲಿಲ್ಲ. ಶೀತಲಳ ಕಡೆಯೂ ನೋಡಲಿಲ್ಲ.

"ಮೇಡಂ. ಅಂದ್ರ ನನಗ ಹಾಲಿತ್ತೇನ್ರಿ?"

"ಇತ್ತವ್ವ."

"ಕೂಸಿಗಾಗೋ ಅಷ್ಟು?"

"ಕೂಸಿಗಾಗಿ ಉಳಿಯೋ ಅಷ್ಟು."

ವರ್ಷಾ ಎರಡೂ ತೋಳುಗಳನ್ನು ಎದೆಗೆ ಬಿಗಿಯಾಗಿ ಅವುಚಿಕೊಂಡಳು. ಕೂಸು ಸತ್ತಾಗ ಬಾರದ ಅಳು ಈಗ ಬಂತು.

"ಹಾಲಿಲ್ಲದಾಕಿ ಅಂತ ತಿಳ್ಕೊಂಡು ಹ್ಯಾಂಗೋ ಬದುಕ್ತಿದ್ದೆ," ಎಂದಳು. "ಇದನ್ನ ಯಾಕ ಹೇಳಿದ್ರಿ?"