ಕೊಸರಿನ ಕರಿಬೇವು

2025ರ ಜೂನ್ 14, ಶನಿವಾರ, ಬೆಳಿಗ್ಗೆ 10.20. ಇಂಡಿ ಠಾಣೆಯ ಮೇಜಿನ ಮೇಲೆ ದೂರಿನ ಅರ್ಜಿಗಿಂತ ಮೊದಲು ಬಂದು ಕೂತದ್ದು ಒಂದು ಬಾಡಿದ ನಿಂಬೆ ಸಸಿ. ತಂದಿಟ್ಟವನು ಮುದ್ದೇಬಿಹಾಳ ಕಡೆಯ ರೈತ ಕಾಳಪ್ಪ. ಅವನ ಹಿಂದೆ ಸೆರಗು ಬಿಗಿದುಕೊಂಡು ನಿಂತವರು ಇಂದುಬಾಯಿ, ಊರ ಹೊರಗೆ ಮೂವತ್ತು ವರ್ಷದಿಂದ ನಿಂಬೆ ಸಸಿಯ ನರ್ಸರಿ ನಡೆಸುವವರು. ಬೈಯಲು ಬಂದ ಗಿರಾಕಿ, ಬೈಸಿಕೊಂಡ ಮಾಲಕಿ ಇಬ್ಬರೂ ಒಂದೇ ಟೆಂಪೋದಲ್ಲಿ ಠಾಣೆಗೆ ಬಂದದ್ದು ಇನ್‌ಸ್ಪೆಕ್ಟರ್ ದಾನೇಶ್ವರಿಗೆ ಸೋಜಿಗವೆನಿಸಿತು.

“ಈ ಸಸಿ ನಂದಲ್ರಿ,” ಎಂದರು ಇಂದುಬಾಯಿ. ಒಂದು ಎಲೆ ಕಿತ್ತು, ತಿಕ್ಕಿ, ಇನ್‌ಸ್ಪೆಕ್ಟರರ ಮೂಗಿಗೇ ಹಿಡಿದರು. “ಮೂಸಿ ನೋಡ್ರಿ. ಇದು ಇಂಡಿ ನಿಂಬಿ ವಾಸನೀನ? ಆದ್ರ ಮಾರಿದ್ದು ನನ್ನ ಹೆಸರಲೆ.”

“ಎಲ್ಲಿ ತಗೊಂಡಿ?” ದಾನೇಶ್ವರಿ ಕಾಳಪ್ಪನತ್ತ ತಿರುಗಿದರು.

“ಫೋನಿನ ಮ್ಯಾಪಿನಾಗ ಇಂದುಬಾಯಿ ನರ್ಸರಿ ಅಂತ ಐತ್ರಿ. ಅಲ್ಲಿದ್ದ ನಂಬರಿಗೆ ಹಚ್ಚಿದೆ. ಬಾಯಾರ ಮಗಾ ಅಂತ ಒಬ್ಬಾಂವ ಮಾತಾಡ್ದ. ನಿನ್ನೆ ಮುಂಜಾನಿ ಟೆಂಪೋದಾಗ ತಾಳಿಕೋಟಿಗೇ ನೂರ ಸಸಿ ತಂದು ಕೊಟ್ಟ.”

“ಮುಖಾ?”

“ವಸ್ತ್ರ ಸುತ್ತಿಕೊಂಡಿದ್ದರಿ.”

“ರೊಕ್ಕ?”

“ಕೈಯಾಗ ಇಸಕೊಂಡ.”

ಇಂದುಬಾಯಿಯ ಮಗ ಸಕ್ಕರೆ ಕಾರ್ಖಾನೆಯಲ್ಲಿ ನೌಕರ, ಸಸಿಯ ಸಹವಾಸಕ್ಕೇ ಬರುವವನಲ್ಲ. ನರ್ಸರಿಯ ಫೋನು ನೋಡಿಕೊಳ್ಳುವುದು ಸೊಸೆ ಐಶ್ವರ್ಯ. ಮದುವೆಯಾಗಿ ಮೂರು ತಿಂಗಳಾಗಿತ್ತಷ್ಟೆ. ಅವಳನ್ನು ಕರೆಸಿ ಕೇಳಿದಾಗ ಗುಟ್ಟು ಹೊರಬಿತ್ತು. ಜೂನ್ 10ರ ಮಂಗಳವಾರ ಒಂದು ಮೇಲ್ ಬಂದಿತ್ತು: ‘ಪುಟ ಪರಿಶೀಲನೆ’ ಎಂಬ ಹೆಸರಿನವರು ಮ್ಯಾಪಿನಲ್ಲಿರುವ ನಿಮ್ಮ ಪುಟದ ಮಾಲೀಕರಾಗಲು ಕೋರಿದ್ದಾರೆ. ಹಿಂದೆಯೇ ಫೋನು.

“ಮ್ಯಾಪ್ ಆಫೀಸಿನವರು ಅಂದ್ರು ಮೇಡಮ್ರ. ಮಂಜೂರ ಒತ್ತರಿ ಅಕ್ಕಾರ, ಇಲ್ಲಾಂದ್ರ ನಿಮ್ಮ ಪುಟಾ ಬಂದ್ ಆಗತೈತಿ ಅಂದ್ರು. ಒತ್ತಿಬಿಟ್ಟೆ.” ಐಶ್ವರ್ಯ ಫೋನ್ ತೆಗೆದು ಆ ಮೇಲ್ ತೋರಿಸಿದಳು. ಅದೇ ಸಂಜೆ ಪುಟದ ಮೇಲಿನ ಫೋನ್ ನಂಬರ್ ಬದಲಾಗಿತ್ತು.

ಮ್ಯಾಪ್ ಕಂಪನಿಯ ನಿಯಮದ ಪ್ರಕಾರ ಹೊಸದಾಗಿ ಸೇರಿದ ಮಾಲೀಕ ಏಳು ದಿನ ಹಳಬರನ್ನು ಹೊರಹಾಕುವಂತಿಲ್ಲ. 17ನೇ ತಾರೀಖು ದಾಟಿತೆಂದರೆ ಇಂದುಬಾಯಿ ತಮ್ಮದೇ ಪುಟಕ್ಕೆ ಪರಕೀಯರು. ಅವರಿಗೆ ಪುಟಕ್ಕಿಂತ ಹೆಚ್ಚಿನ ಸಂಕಟ ಬೇರೆಯೇ ಇತ್ತು.

“ನಿಂಬಿ ಕಾಯಿ ಹಿಡಿಯಾಕ ನಾಕ ವರ್ಷ ಬೇಕ್ರಿ. ಕಾಳಪ್ಪ ಹುಷಾರದಾನ, ಎಲಿ ನೋಡಿ ಬಂದ. ಉಳದವರು ನಾಕ ವರ್ಷ ನೀರ ಉಣಿಸಿ, ಆಮ್ಯಾಲ ನನ್ನ ಹೆಸರ ಹಿಡದ ಶಾಪ ಹಾಕ್ತಾರ. ಅಷ್ಟೊತ್ತಿಗೆ ನಾ ಇರತೇನೋ ಇಲ್ಲೋ, ಹೆಸರಂತೂ ಇರತೈತಿ.”

11.40ಕ್ಕೆ ಎಫ್‌ಐಆರ್ ದಾಖಲಾಯಿತು: ವಂಚನೆ, ಸೋಗು ಹಾಕಿ ಮೋಸ, ಜೊತೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, 66ಡಿ ಕಲಂ. ಮೇಲ್, ಪುಟ, ನಂಬರ್ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದು ಸಹಿ ಹಾಕಿಸಿದ್ದಾಯಿತು. ಆ ನಂಬರಿನ ಸಿಮ್ ಯಾರೋ ಸತ್ತವರ ಹೆಸರಿನಲ್ಲಿತ್ತು. ಮ್ಯಾಪ್ ಕಂಪನಿಗೆ ಪತ್ರವೂ ಹೋಯಿತು. ಆದರೆ ಆ ಉತ್ತರಕ್ಕೆ ಕಾಯುತ್ತ ಕೂತರೆ ನಿಂಬೆ ಕಾಯಿ ಬಿಟ್ಟು ಹಣ್ಣಾಗಿರುತ್ತದೆಂದು ದಾನೇಶ್ವರಿಗೆ ಹತ್ತು ವರ್ಷದ ನೌಕರಿ ಕಲಿಸಿತ್ತು. ಅವರು ಮತ್ತೆ ಕಾಳಪ್ಪನನ್ನೇ ಹಿಡಿದರು.

“ನೂರ ಸಸಿ ಬಿಟ್ಟ ಮತ್ತೇನರ ಕೊಟ್ಟನ?”

“ಕೊಸರು ಕೊಟ್ಟಾನ್ರಿ. ಐವತ್ತಕ್ಕೊಂದರಂಗ ಎರಡ ಕರಿಬೇವಿನ ಸಸಿ. ಖರೇ ಹೇಳಬೇಕಂದ್ರ ಅವೆರಡು ಭಾಳ ಚಲೋ ಅದಾವ.”

ಇಂದುಬಾಯಿಯ ಮುಖ ಬದಲಾದದ್ದನ್ನು ದಾನೇಶ್ವರಿ ಕಂಡರು. ಕೇಳಿದ ಸಸಿಯ ಮೇಲೆ ಕೊಸರಾಗಿ, ಪುಕ್ಕಟೆ, ಕರಿಬೇವು ಕೊಡುವುದು ಆ ನರ್ಸರಿಯ ರೂಢಿ. ಕೊಸರಿಲ್ಲದ ಸಸಿ ಬೇರು ಬಿಡುವುದಿಲ್ಲ ಎಂಬುದು ಬಾಯಿಯ ನಂಬಿಕೆ. ಇದು ಯಾವ ಪುಟದಲ್ಲೂ ಬರೆದಿರಲಿಲ್ಲ. ಕಾಳಪ್ಪನ ಟೆಂಪೋದಲ್ಲೇ ಇದ್ದ ಆ ಎರಡು ಸಸಿ ಬಂದವು. ಇಂದುಬಾಯಿ ಚೀಲ ತಿರುಗಿಸಿ ನೋಡಿದರು. ತಳದಿಂದ ಎರಡು ಬೆರಳು ಮೇಲೆ, ಸುತ್ತ ಐದು ಸಣ್ಣ ತೂತು.

“ಸೈಕಲ್ ಕಡ್ಡೀಲೆ ಚುಚ್ಚ್ಯಾನ,” ಎಂದವರೇ ತೂತುಗಳ ಮೇಲೆ ಬೆರಳಾಡಿಸಿದರು.

“ಯಾರು?”

“ಸಿದ್ದಾರೂಢ. ಹಿಂಗ ಐದ ತೂತ ಹಾಕಾಂವ ಅಂವಾ ಒಬ್ಬನ. ಹದಿನಾಕ ವರ್ಷ ನಮ್ಮಲ್ಲೇ ದುಡದಾಂವ. ಹೋದ ದೀಪಾವಳಿಗೆ ಬಿಟ್ಟ. ಅಂವಾ ಆಗಿರೂದಿಲ್ಲ ಬಿಡ್ರಿ ಮೇಡಮ್ರ.”

“ಅಲ್ಲಂದ್ರ ಭಾಳ ಚಲೋ ಆತು. ಈಗ ಎಲ್ಲದಾನ?”

“ಝಳಕಿ ಹತ್ರ ತನ್ನದ ಒಂದ ನರ್ಸರಿ ಹಾಕ್ಯಾನಂತ.”

ಐಶ್ವರ್ಯ ಫೋನ್ ಹಿಡಿದು ಎದ್ದಳು. ಕಳ್ಳನನ್ನು ಈಗಲೇ ಪುಟದಿಂದ ತೆಗೆದು ಒಗೆಯುತ್ತೇನೆಂದಳು. ದಾನೇಶ್ವರಿ ಬೇಡವೆಂದರು. ಇವತ್ತು ತೆಗೆದರೆ ಅವನು ನಾಳೆ ಬೇರೆ ಸಿಮ್ ಕೊಂಡು ಬೇರೆ ನರ್ಸರಿಯ ಬೆನ್ನು ಹತ್ತುತ್ತಾನೆ.

“ಅಲ್ಲೀತನಕ ಎಷ್ಟ ಮಂದಿ ಹಾಳಾಗಬೇಕ್ರಿ?” ಇಂದುಬಾಯಿ ನೇರವಾಗಿ ಕೇಳಿದರು.

ಆ ಮಾತು ದಾನೇಶ್ವರಿಗೆ ನಾಟಿತು. “ಒಬ್ಬರೂ ಆಗೂದಿಲ್ಲ. ಅವನ ಹತ್ರ ಇದ್ದಷ್ಟೂ ಸಸಿ ನಾವ ತಗೊಳ್ಳೂಣು,” ಎಂದರು.

ಹೆಡ್ ಕಾನ್‌ಸ್ಟೆಬಲ್ ಮಹಮ್ಮದಹನೀಫ ಬಸವನ ಬಾಗೇವಾಡಿಯಿಂದ ವರ್ಗವಾಗಿ ಬಂದು ತಿಂಗಳಾಗಿತ್ತು. ಇಂಡಿಯಲ್ಲಿ ಇನ್ನೂ ಮುಖಪರಿಚಯವಿಲ್ಲ, ಮಾತಿನಲ್ಲಂತೂ ಸಂತೆಯನ್ನೇ ಮಾರಿ ಬರುವ ಆಸಾಮಿ. ಮಧ್ಯಾಹ್ನ 1.05ಕ್ಕೆ ಸ್ಪೀಕರ್ ಹಾಕಿ, ರೈತನ ಸೋಗಿನಲ್ಲಿ ಪುಟದ ಮೇಲಿನ ನಂಬರಿಗೆ ಫೋನ್ ಹಚ್ಚಿದರು.

“ಇಂದುಬಾಯಿ ನರ್ಸರಿ ಏನ್ರಿ? ನಾ ಬಾಗೇವಾಡಿ ಫಕ್ರುದ್ದೀನ.”

“ಹೌದ್ರಿ ಕಾಕಾ. ಬಾಯಾರ ಮಗಾ ಮಾತಾಡಾಕತ್ತೇನಿ.”

“ಎಷ್ಟ ಸಸಿ ಅದಾವ?”

“ಆರನೂರ ಅದಾವ್ರಿ.”

“ಒಂದೂ ಬಿಡಬ್ಯಾಡ, ಅಷ್ಟೂ ನನಗ ಬೇಕ. ಬ್ಯಾರೆ ಯಾರಿಗರ ಕೊಟ್ಟೀ ಅಂದ್ರ ನಮ್ಮ ನಿಮ್ಮ ಮಾತ ಮುಗೀತ ನೋಡ.”

“ಇಂಡಿಗೆ ಬರಬ್ಯಾಡ್ರಿ ಕಾಕಾ, ನರ್ಸರಿ ಮುಂದ ರಸ್ತೆ ಅಗದಾರ. ಸೋಮವಾರ ಹನ್ನೊಂದಕ್ಕ ಝಳಕಿ ಕ್ರಾಸಿಗೆ ಬರ್ರಿ.”

ಇಂದುಬಾಯಿ ಕಣ್ಣು ಮುಚ್ಚಿಕೊಂಡರು. ಅದು ಹದಿನಾಲ್ಕು ವರ್ಷ ಅವರ ಮನೆಯಲ್ಲೇ ಉಂಡವನ ದನಿ.

ಜೂನ್ 16, ಸೋಮವಾರ. ಹನ್ನೊಂದೂ ಕಾಲಿಗೆ ಟೆಂಪೋ ಬಂತು. ಹನೀಫರು ಧೋತರ, ಟೋಪಿಯಲ್ಲಿ ಪಕ್ಕಾ ರೈತ. ಹತ್ತಿರದ ಚಹಾ ಅಂಗಡಿಯ ಮುಂದೆ ಸಾದಾ ಸೀರೆಯಲ್ಲಿ ದಾನೇಶ್ವರಿ, ಜೊತೆಗೆ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಬರಲು ಒಪ್ಪಿದ ಇಬ್ಬರು ಊರವರು. ಟೆಂಪೋದಿಂದ ಇಳಿದವನು ಮುಖಕ್ಕೆ ವಸ್ತ್ರ ಸುತ್ತಿದ್ದ. ಆರುನೂರು ಸಸಿ ಎಣಿಸಿ ಇಳಿಸಿದ್ದಾಯಿತು. ಕೊಸರಿನ ಮಾತನ್ನು ತಾವಾಗಿ ಎತ್ತಕೂಡದೆಂದು ದಾನೇಶ್ವರಿ ಹನೀಫರಿಗೆ ಹತ್ತು ಸಲ ಹೇಳಿದ್ದರು. ಹನೀಫರು ಲೆಕ್ಕ ಸರಿಯಾಯಿತೆಂದು ತಲೆಯಾಡಿಸಿ ಬೆನ್ನು ತಿರುಗಿಸಿದರು.

“ಕಾಕಾ, ಕೊಸರ ಬಿಟ್ಟ ಹೊಂಟ್ರೆಲ್ಲಾ. ಹನ್ನೆರಡ ಬರತಾವ ನಿಮಗ,” ಎಂದು ಅವನೇ ಕೂಗಿ ಕರೆದ. ಟೆಂಪೋದ ಮೂಲೆಯಿಂದ ಹನ್ನೆರಡು ಕರಿಬೇವಿನ ಸಸಿಗಳನ್ನು ಒಂದೊಂದಾಗಿ, ಎಲೆ ನಲುಗದಂತೆ ಇಳಿಸಿದ.

ದಾನೇಶ್ವರಿ ತಮ್ಮ ಫೋನಿನಿಂದ ಪುಟದ ನಂಬರ್ ಒತ್ತಿದರು. ಅವನ ಅಂಗಿಯ ಜೇಬು ರಿಂಗಾಯಿತು. “ಸಿದ್ದಾರೂಢ, ವಸ್ತ್ರ ತಗಿ,” ಎಂದು ಅವರು ಗುರುತಿನ ಚೀಟಿ ತೋರಿಸಿದಾಗ ಅವನು ಓಡಲಿಲ್ಲ, ಕೈಯಲ್ಲಿದ್ದ ಕೊನೆಯ ಸಸಿಯನ್ನು ನೆಲಕ್ಕಿಟ್ಟು ನಿಂತ. ಬಂಧನದ ಸಮಯ 11.50.

ಅವನ ಫೋನಿನಲ್ಲಿ ಸಿಂದಗಿಯ ಒಂದು, ಮುದ್ದೇಬಿಹಾಳದ ಒಂದು ನರ್ಸರಿಗೆ ಕಳಿಸಿದ್ದ ಅಂಥದೇ ವಿನಂತಿಗಳು ಇನ್ನೂ ಉತ್ತರ ಕಾಯುತ್ತಿದ್ದವು. ದಾನೇಶ್ವರಿ ಅಲ್ಲಿಂದಲೇ ಇಬ್ಬರು ಮಾಲೀಕರಿಗೂ ಫೋನ್ ಮಾಡಿ ತಿರಸ್ಕರಿಸಲು ಹೇಳಿದರು. ಸಿಂದಗಿಯವರು ಮಂಜೂರು ಒತ್ತಲು ಕನ್ನಡಕ ಹುಡುಕುತ್ತಿದ್ದರಂತೆ. ಹನೀಫರು ನಕ್ಕು ನಕ್ಕು ಟೋಪಿ ಬೀಳಿಸಿಕೊಂಡರು.

ಮಧ್ಯಾಹ್ನ 3.40. ಠಾಣೆಯಲ್ಲಿ ದಾನೇಶ್ವರಿ ಐಶ್ವರ್ಯಳತ್ತ ನೋಡಿ, “ಈಗ ಒತ್ತವ್ವ,” ಎಂದರು. ಅವಳು ‘ಪುಟ ಪರಿಶೀಲನೆ’ ಎಂಬ ಹೆಸರನ್ನು ಪುಟದಿಂದ ಕಿತ್ತುಹಾಕಿ, ಹಳೇ ನಂಬರ್ ಬರೆದಳು. ಅರ್ಧ ಗಂಟೆಯಲ್ಲಿ ನರ್ಸರಿಯ ಫೋನು ರಿಂಗಾಯಿತು, ಇಂದುಬಾಯಿಯೇ ಎತ್ತಿದರು.

“ಹೌದ್ರಿ, ನಾನ ಇಂದುಬಾಯಿ. ನಾನ ಮಾತಾಡಾಕತ್ತೇನಿ. ಬರ್ರಿ,” ಎಂದರು ಅವರು, ಇಡೀ ಠಾಣೆಗೆ ಕೇಳುವಷ್ಟು ಜೋರಾಗಿ. ಐಶ್ವರ್ಯ ಅತ್ತೆಯ ಕೈ ಹಿಡಿದು ಅತ್ತೂ ಬಿಟ್ಟಳು, ನಕ್ಕೂ ಬಿಟ್ಟಳು. ದಾನೇಶ್ವರಿಯ ಎದೆ ಹಗುರಾಯಿತು.

ಸಿದ್ದಾರೂಢ ಬೆಂಚಿನಿಂದಲೇ ಹೇಳಿದ: “ಹದಿನಾಕ ವರ್ಷ ಬೀಜಾ ಹಾಕಿದಾಂವ ನಾ. ಇಂದುಬಾಯಿ ಕೈಗುಣ ಅಂತ ಮಂದಿ ಪುಟದಾಗ ಬರೀತಾರ. ಆ ಕೈ ನಂದಿತ್ತರಿ. ನನ್ನ ಬೋರ್ಡ್ ಹಾಕಿ ಏಳ ತಿಂಗಳಾತು, ಒಬ್ಬ ಹೊಳ್ಳಿ ನೋಡಲಿಲ್ಲ. ನನ್ನ ನಿಂಬಿ ಸಸಿ ಬೆಳೆಯಾಕ ಇನ್ನೂ ವ್ಯಾಳೆ ಬೇಕಾಗಿತ್ತು. ಎಲ್ಲಿಂದೋ ತಂದ ಮಾರಿದೆ.”

“ಕೊಸರ ಯಾಕ ಕೊಟ್ಟಿ?” ಎಂದರು ದಾನೇಶ್ವರಿ.

“ಕೊಸರ ಇಲ್ಲದ ಸಸಿ ಹ್ಯಾಂಗ ಕೊಡೂದ್ರಿ?”

ಇಂದುಬಾಯಿ ಅವನೆದುರು ಬಂದು ನಿಂತರು. “ಇಂಥಾ ಕರಿಬೇವು ಬೆಳಸೀ ಅಂತ ಒಂದ ಮಾತ ಹೇಳಿದ್ದರ, ನಾನ ನಿನ್ನ ಹತ್ರ ಮಂದಿ ಕಳಸ್ತಿದ್ನೆಲ್ಲೋ,” ಎಂದು ಹೊರಟರು.

ಸಂಜೆ ಹನೀಫರು ಮುದ್ದೆಮಾಲಿಗೆ, ಅಂದರೆ ಜಪ್ತಿಯಾದ ಸಸಿಗಳಿಗೆ, ನೀರು ಹಾಕಿದರು. ದಾನೇಶ್ವರಿ ಪಂಚನಾಮೆಯನ್ನು ಮತ್ತೊಮ್ಮೆ ಓದಿದರು. ಅದರ ಕೊನೆಯ ಸಾಲನ್ನು ಮಧ್ಯಾಹ್ನ ಝಳಕಿಯಲ್ಲಿ ಅವರೇ ಬರೆಸಿದ್ದರು: ಕರಿಬೇವಿನ ಸಸಿ, ಹನ್ನೆರಡು, ಉತ್ತಮ ಸ್ಥಿತಿಯಲ್ಲಿವೆ, ಬೆಳೆಸಿದವನು ಸಿದ್ದಾರೂಢ. ಅವನ ಕೈಕೆಲಸದ ಪಕ್ಕದಲ್ಲಿ ಅವನ ಹೆಸರನ್ನು ಬೇರೆಯವರು ಬರೆದದ್ದು ಅದೇ ಮೊದಲು.