ಚೀಲ ಕೊಡುವುದಿಲ್ಲ

ಹೋದ ವರ್ಷ ಬೈಲಹೊಂಗಲದ ಆಸ್ಪತ್ರೆಯೊಂದರಲ್ಲಿ ನನ್ನ ಗರ್ಭಚೀಲದ ಗಡ್ಡೆಗೆ ಆಪರೇಶನ್ ಇತ್ತು.

“ಎರಡು ಹಡದಿ, ಸಾಕು. ಚೀಲಾನ ತಗಸಿಬಿಡವಾ,” ಎಂದರು ಅತ್ತೆ.

“ಅದೇನ್ ಯರಗಟ್ಟಿ ಪ್ಯಾಟ್ಯಾಗಿನ ಗೋವಿನಜೋಳದ ಚೀಲ ಏನ್ರಿ ಅತ್ತೀ? ಗಡ್ಡಿ ಅಷ್ಟ ಹೋಗಲಿ.”

ಅತ್ತೆ ಮುನಿಸಿಕೊಂಡು ಚಹಾ ತರಲು ಹೋದರು. ಮಧ್ಯಾಹ್ನದ ಬಿಸಿಲಲ್ಲೂ ಮಂಚದ ಕಬ್ಬಿಣ ತಣ್ಣಗಾಯಿತು. ಬಾಣಂತಿ ಕೋಣೆಯ ಹೊಗೆಯ ವಾಸನೆ ಬಂತು. ಕಣ್ಣಿಗೆ ಕಾಣದ ಒದ್ದೆ ಅಂಗೈಯೊಂದು ಹೊಟ್ಟೆ ಒತ್ತಿತು.

“ಚೀಲ ನನಗ ಕೊಡವ್ವಾ,” ಎಂದಿತು ಹೆಣ್ಣಿನ ದನಿಯೊಂದು.

“ಬೇಕಂದ್ರ ಗಡ್ಡಿ ಒಯ್ಯಿ. ಚೀಲ ಮುಟ್ಟಿದ್ರ ಕೈ ಮುರಿತೇನಿ!” ಎಂದು ಗದರಿದೆ. ಅಂಗೈ ಸರಿಯಿತು.

ಆಪರೇಶನ್ ಆದಮೇಲೆ ಡಾಕ್ಟರಬಾಯಿ ಕೇಳಿದರು: “ಒಳಗ ಗಡ್ಡೀನ ಇಲ್ಲ ತಂಗೀ, ಚೀಲದ ಮ್ಯಾಲ ಹಳೇ ಹೊಲಿಗಿ ಐತಿ. ಮೊದಲ ಯಾವಾಗ ಆಪರೇಶನ್ ಆಗಿತ್ತು?”

ನನ್ನ ಎರಡೂ ಹೆರಿಗೆ ನಾರ್ಮಲ್. ಅಂದಿನವರೆಗೆ ಈ ಹೊಟ್ಟೆಗೆ ಚಾಕು ತಾಗಿರಲಿಲ್ಲ.