ಮರಳು ಮುಟ್ಟಬೇಡಿ, ಡಾಕ್ಟರ್

"ನಿಮಗೆ ಮೀನು ಕೊಡಲ್ಲ."

ಗಾಜಿನ ತೊಟ್ಟಿಗಳ ನಡುವೆ ನಿಂತಿದ್ದ ಅಂಗಡಿಯವನು ಹಾಗೆಂದಾಗ ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಏನಂದ್ರಿ?"

"ಬೇರೆ ಏನು ಬೇಕಾದ್ರೂ ತಗೊಳ್ಳಿ. ಈ ರ‍್ಯಾಸ್ ಮೀನು ಮಾತ್ರ ಕೇಳ್ಬೇಡಿ. ಮೊದಲನೇದನ್ನ ಏನ್ ಮಾಡಿದ್ರಿ?"

"ನಾನೇನೂ ಮಾಡ್ಲಿಲ್ಲ. ಅದೇ ಹಾರಿ ಹೊರಗೆ ಬಿತ್ತು."

"ತೊಟ್ಟಿಗೆ ಮುಚ್ಚಳ ಇರಲಿಲ್ಲ. ಎರಡನೇದು?"

"ಅದು... ಮರಳಲ್ಲಿ ಹುದುಗಿಕೊಳ್ತು. ಸತ್ತಿದೆಯೇನೋ ಅಂತ ತೆಗೆದು ನೋಡಿದೆ."

"ಬದುಕಿತ್ತಾ?"

"ತೆಗೆಯೋವಾಗ ಬದುಕಿತ್ತು."

ಅವನು ಒಂದು ಕ್ಷಣ ಕಣ್ಣು ಮುಚ್ಚಿಕೊಂಡ. ಮೊಣಕೈವರೆಗೂ ಒದ್ದೆಯಾಗಿದ್ದ ತೋಳಿನ ಮೇಲೆ ಉಪ್ಪು ಬಿಳಿ ಗೆರೆಯಾಗಿ ಒಣಗಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಅವಳು ಅರಿವಳಿಕೆಯ ವೈದ್ಯೆ. ಹನ್ನೊಂದು ವರ್ಷಗಳಲ್ಲಿ ಸಾವಿರಾರು ಜನರನ್ನು ಮಲಗಿಸಿದ್ದಳು, ಮಲಗಿಸಿದವರನ್ನೆಲ್ಲ ಎಬ್ಬಿಸಿದ್ದಳು. ಅಂಥವಳ ಕೈಯಲ್ಲಿ ಬೆರಳುದ್ದದ ಎರಡು ಮೀನು ಉಳಿದಿರಲಿಲ್ಲ. ಮನೆಯ ತೊಟ್ಟಿಯಲ್ಲಿ ಹವಳಗಳು ಅರಳಿಕೊಂಡಿದ್ದವು, ಬಸವನಹುಳಗಳು ಕೊಬ್ಬಿದ್ದವು. ರ‍್ಯಾಸ್ ಮಾತ್ರ...

"ಈಗ ಬಲೆಯ ಮುಚ್ಚಳ ಹಾಕಿಸಿದೀನಿ. ಮರಳು ನಾಲ್ಕು ಬೆರಳು ದಪ್ಪ ಇದೆ."

"ಸಣ್ಣ ಮರಳಾ?"

"ಸಕ್ಕರೆಯಷ್ಟು."

"ಜಗಳಗಂಟರು ಯಾರಾದ್ರೂ ಇದಾರಾ?"

"ಮನೇಲಿ ಅಮ್ಮ ಇದಾರೆ. ತೊಟ್ಟಿಯೊಳಗೆ ಯಾರೂ ಇಲ್ಲ."

ನಗು ಬಂದರೂ ಅವನು ನಗಲಿಲ್ಲ. "ದಿನಕ್ಕೆ ಎಷ್ಟು ಸಲ ತಿನ್ನಿಸ್ತೀರ?"

"ಅಲ್ಲ, ನೀವು ಮೀನು ಕೊಡ್ತಿದೀರೋ, ಮಗಳನ್ನ ಕೊಡ್ತಿದೀರೋ?"

"ಮಗಳಾಗಿದ್ರೆ ಇಷ್ಟು ವಿಚಾರಿಸ್ತಿರಲಿಲ್ಲ. ಹಸಿವಾದ್ರೆ ಬಾಯಿಬಿಟ್ಟು ಕೇಳ್ತಾಳೆ."

ಕೊನೆಗೂ ಅವನು ಕರಗಿದ. ಆದರೆ ಷರತ್ತು ಹಾಕಿದ. ಇದು ಹೊಟ್ಟೆಬಾಕ ಮೀನು, ಸ್ವಲ್ಪಸ್ವಲ್ಪವಾಗಿ ಹಲವು ಸಲ ತಿನ್ನಬೇಕು. ಅವಳು ಆಸ್ಪತ್ರೆಯಲ್ಲಿರುವ ಹೊತ್ತಿನಲ್ಲಿ, ಬೆಳಗ್ಗೆ ಒಂಬತ್ತಕ್ಕೆ, ಅವನೇ ಮನೆಗೆ ಬಂದು ತಿನ್ನಿಸಿ ನೀರು ನೋಡುತ್ತಾನೆ.

"ಇದೂ ಹೋದ್ರೆ ನಾಲ್ಕನೇದು ಕೇಳ್ಬಾರದು. ಮತ್ತೆ, ಏನೇ ಆದ್ರೂ ಮರಳು ಮುಟ್ಟಬೇಡಿ, ಡಾಕ್ಟರ್."

ಮೀನಿನ ಬಿಳಿ ಮೈಮೇಲೆ ಯಾರೋ ಒಂದೊಂದಾಗಿ ಇಟ್ಟಂಥ ಕಂದು ಚುಕ್ಕೆಗಳು. ಅವನೇ ಅವಳ ಮನೆಗೆ ತಂದು ತೊಟ್ಟಿಗೆ ಬಿಟ್ಟ ಕೂಡಲೇ ಮೀನು ತಲೆಕೆಳಗಾಗಿ ಮರಳಿಗೆ ನುಗ್ಗಿ ಮಾಯವಾಯಿತು.

"ಹೆದರಬೇಡಿ. ಕೆಲವು ದಿನ ಏಳಲ್ಲ," ಎಂದ ಅವನು. "ಎದ್ದಮೇಲೂ ನಿಮಗೆ ಕಾಣೋದು ಕಷ್ಟ. ಇದು ಪೂರ್ವದ ದೂರದ ಸಮುದ್ರದ್ದು. ಅಲ್ಲಿನ ಗಡಿಯಾರವನ್ನೇ ಹೊಟ್ಟೆಯಲ್ಲಿ ಇಟ್ಕೊಂಡು ಬಂದಿದೆ. ನಮಗಿಂತ ಮುಂಚೆ ಏಳತ್ತೆ, ಮಧ್ಯಾಹ್ನಕ್ಕೇ ಮಲಗಿಬಿಡತ್ತೆ."

ಅವಳು ಮನೆಗೆ ಬರುವುದೇ ಸಂಜೆ ಐದಕ್ಕೆ.

ಮರುದಿನ ಸಂಜೆ ತೊಟ್ಟಿಯ ಗಾಜಿಗೆ ಅಂಟಿಸಿದ ಚೀಟಿ ಕಂಡಿತು: 'ಉಪ್ಪು ಸರಿ. ಶಾಕ ಇಪ್ಪತ್ತೈದೂವರೆ. ಮೀನು ಎದ್ದಿಲ್ಲ.'

'ಶಾಕ' ಎಂಬುದರ ಸುತ್ತ ಕೆಂಪು ಸುತ್ತು. ಪಕ್ಕದಲ್ಲಿ 'ಶಾಖ'. ಕೆಳಗೆ, ಹತ್ತಕ್ಕೆ ಆರು.

"ಅಮ್ಮ, ಇದೇನಿದು?"

"ಮಹಾಪ್ರಾಣ ಗೊತ್ತಿಲ್ಲ ಆ ಹುಡುಗನಿಗೆ," ಎಂದರು ಮೂವತ್ತೆರಡು ವರ್ಷ ಕನ್ನಡ ಪಾಠ ಮಾಡಿ ನಿವೃತ್ತರಾಗಿದ್ದ ಅಮ್ಮ. "ಮೀನಿನ ಪ್ರಾಣ ಹೇಗೆ ಕಾಪಾಡ್ತಾನೋ."

ಅವಳು ಅದೇ ಚೀಟಿಯ ಹಿಂದೆ ಬರೆದಳು: 'ಮೂರನೇದೂ ನನ್ನ ಕೈಲಿ ಸಾಯತ್ತಾ?'

ಅದಕ್ಕೆ ಉತ್ತರ ಬಂತು: 'ಇವತ್ತು ಎದ್ದಿತ್ತು. ಒಂಬತ್ತೂಕಾಲಿಗೆ. ಸೀಗಡಿ ಚೂರು ತಿಂತು. ಕುಷಿಯಾಗಿದೆ.'

ಅಮ್ಮ 'ಖುಷಿ' ಎಂದು ತಿದ್ದಿದ್ದರು. ಅವಳಿಗೆ ತಪ್ಪು ಕಾಣಲೇ ಇಲ್ಲ. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಗಿತ್ತು.

ಆಮೇಲೆ ದಿನವೂ ಚೀಟಿ. ಇವತ್ತು ಬಂಡೆಯ ಹಿಂದೆ ಸುತ್ತಾಡಿತು, ಇವತ್ತು ನಿಮ್ಮ ಅಮ್ಮನನ್ನು ನೋಡಿ ಓಡಿಹೋಯಿತು... ಆಸ್ಪತ್ರೆಯಿಂದ ಓಡೋಡಿ ಬರುವುದು ಮೀನಿಗಾಗಿಯೋ, ಈ ಚೀಟಿಗಾಗಿಯೋ? ಅವಳು ತನ್ನನ್ನೇ ಕೇಳಿಕೊಂಡು, ಉತ್ತರ ಗೊತ್ತಿದ್ದರಿಂದ ಸುಮ್ಮನಾದಳು.

ಒಂದು ದಿನ ಅವನು ಬರೆದಿದ್ದ: 'ಬಲಗಡೆಯ ಹವಳ ನಿಮ್ಮ ತರಾನೇ. ಮುಟ್ಟಿದರೆ ಮುದುಡಿಕೊಳ್ಳುತ್ತೆ.'

'ಮುಟ್ಟದೇ ಇದ್ದರೆ?' ಎಂದು ಬರೆದಳು. ಹರಿದು ಹಾಕಿದಳು. 'ಫಿಲ್ಟರ್ ತೊಳೆದಿದ್ದೇನೆ' ಎಂದು ಬರೆದು ಅಂಟಿಸಿದಳು.

ಎಂಟನೆಯ ದಿನ ಭಾನುವಾರ. ಅವನಿಗೂ ರಜೆ, ಅವಳಿಗೂ ರಜೆ. ಇವತ್ತು ನೋಡಿಯೇ ಬಿಡುತ್ತೇನೆಂದು ಬೆಳಗ್ಗೆ ಆರಕ್ಕೇ ತೊಟ್ಟಿಯ ಮುಂದೆ ಕೂತಳು. ಪಕ್ಕದಲ್ಲಿ ಅಮ್ಮ ಪದಬಂಧ ತುಂಬುತ್ತಿದ್ದರು.

ಒಂಬತ್ತೂಕಾಲಾಯಿತು. ಹತ್ತಾಯಿತು. ಹನ್ನೆರಡಾಯಿತು. ಮರಳು ಮಿಸುಕಲಿಲ್ಲ.

'ದಿನಾ ಏಳುವ ಮೀನು ಇವತ್ತೇ ಯಾಕೆ ಏಳಲಿಲ್ಲ? ಅಂದರೆ... ಅದು ಯಾವತ್ತೋ ಸತ್ತಿದೆ. ನನ್ನ ಸಮಾಧಾನಕ್ಕೆ ಬರೀತಿದಾನೆ.'

ಸತ್ತ ಮೀನು ಮರಳಡಿಯಲ್ಲಿ ಕೊಳೆತರೆ ನೀರು ಕೆಡುತ್ತದೆ, ಹವಳಗಳೂ ಉಳಿಯುವುದಿಲ್ಲ. ಅವಳು ಬಲೆಯ ಮುಚ್ಚಳ ತೆಗೆದಳು. ಉದ್ದ ಹಿಡಿಯ ಚಮಚ ಇಳಿಸಿ, ಮೂಲೆಯ ಮರಳನ್ನು ಮೆಲ್ಲಗೆ ಕೆದಕಿದಳು.

ಮರಳು ಸಿಡಿಯಿತು. ಬಿಳಿಯದೇನೋ ಅವಳ ಕಿವಿಯ ಪಕ್ಕದಲ್ಲೇ ಹಾರಿತು.

"ನನ್ನ ಮಡಿಲಲ್ಲಿ ಏನೋ ಕುಣೀತಿದೆ ಕಣೇ," ಎಂದರು ಅಮ್ಮ ಪದಬಂಧದಿಂದ ಕಣ್ಣೆತ್ತದೆ.

ಅವಳು ಒದ್ದೆ ಅಂಗೈಗಳಲ್ಲಿ ಮೀನನ್ನು ಬಾಚಿ ನೀರಿಗೆ ಬಿಟ್ಟಳು. ಅದು ಮತ್ತೆ ಮರಳು ಸೇರಿತು. ಅವಳು ಬಲೆಯ ಮುಚ್ಚಳವನ್ನು ಮತ್ತೆ ಭದ್ರವಾಗಿ ಹಾಕಿದಳು.

ಮೀನು ಬದುಕಿತ್ತು. ಅಂದರೆ ಅವನು ಬರೆದಿದ್ದೆಲ್ಲ ನಿಜ! ಅವಳು ನಂಬಿರಲಿಲ್ಲ, ಅಷ್ಟೇ.

ಆ ಸಂಜೆ ಚೀಟಿ ಬರೆದಳು: 'ನಿಮ್ಮನ್ನು ಅನುಮಾನಿಸಿದ್ದೆ, ಕ್ಷಮಿಸಿ. ನಿಮ್ಮಷ್ಟು ಪ್ರಾಮಾಣಿಕರನ್ನು ನಾನು ನೋಡಿಲ್ಲ.' ಮರಳು ಕೆದಕಿದ್ದನ್ನು ಮಾತ್ರ ಬರೆಯಲಿಲ್ಲ.

ಮರುದಿನ ಉತ್ತರ ಎರಡೇ ಪದ: 'ಉಪ್ಪು ಸರಿ.'

ಅದರ ಮರುದಿನ ಅವನು ಬರಲಿಲ್ಲ. ಮುಂದಿನ ಎರಡು ದಿನವೂ ಇಲ್ಲ. ಅಮ್ಮನೇ ಮೂಗು ಮುಚ್ಚಿಕೊಂಡು ಸೀಗಡಿ ಹಾಕುತ್ತಿದ್ದರು. ಮೀನು ಎದ್ದ ಸುದ್ದಿಯೇ ಇಲ್ಲ.

'ಅವರಿಗೆ ಗೊತ್ತಾಗಿಬಿಟ್ಟಿದೆ. ಮೀನೂ ಹೋಯ್ತು. ಅವರೂ...'

ಶುಕ್ರವಾರ ಅರ್ಧ ದಿನದ ರಜೆ ಹಾಕಿ, ಬೆಳಗ್ಗೆ ಅಂಗಡಿಗೇ ಹೋದಳು. ಅವನು ಬೆನ್ನು ತಿರುಗಿಸಿ ಗಾಜು ಒರೆಸುತ್ತಿದ್ದ.

"ನಾನು ಮರಳು ತೋಡಿದೆ," ಎಂದಳು ಆ ಬೆನ್ನಿಗೇ. "ಭಾನುವಾರ. ಅದು ಹಾರಿ ಅಮ್ಮನ ಮಡಿಲಿಗೆ ಬಿತ್ತು. ಆಮೇಲೆ ಎದ್ದೇ ಇಲ್ಲ. ಸತ್ರೆ ಅದು ನನ್ನಿಂದಾನೇ. ನಾಲ್ಕನೇದು ಕೇಳಲ್ಲ. ಬೈದುಬಿಡಿ, ಆದ್ರೆ ಹೀಗೆ ಬರದೇ ಇರ್ಬೇಡಿ."

ಅವನು ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬೆರಗಿತ್ತು.

"ಬದುಕಿತ್ತಾ? ನೀವು ನೋಡಿದ್ರಾ?"

"ಅಂದ್ರೆ? ನೀವು ದಿನಾ ನೋಡ್ತಿದ್ರಲ್ಲ..."

"ಒಂದು ದಿನಾನೂ ನೋಡಿಲ್ಲ, ಡಾಕ್ಟರ್." ಅವನು ಒರೆಸುವ ಬಟ್ಟೆಯನ್ನು ಹಿಂಡತೊಡಗಿದ. "ಮೂರನೇದೂ ಸಾಯತ್ತಾ ಅಂತ ಬರೆದಿದ್ರಿ. ಅದನ್ನ ಓದಿ ಎದ್ದಿಲ್ಲ ಅಂತ ಬರೆಯೋಕೆ ಕೈ ಬರಲಿಲ್ಲ. ಒಂದು ಸುಳ್ಳು ಬರೆದೆ. ಆಮೇಲೆ ಅದಕ್ಕೆ ದಿನಾ ಊಟ ಹಾಕ್ಬೇಕಾಯ್ತು. ನೀವು ಪ್ರಾಮಾಣಿಕ ಅಂದ್ರಲ್ಲ... ಆ ಚೀಟಿ ಓದಿದ ಮೇಲೆ ನಿಮ್ಮ ಮನೆ ಮೆಟ್ಟಿಲು ಹತ್ತೋಕೆ ಆಗ್ಲಿಲ್ಲ."

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅರ್ಧ ದಾರಿಯಲ್ಲೇ ನಗುವಾಯಿತು.

"ಹಾಗಾದ್ರೆ ಮೊದಲು ನೋಡಿದವಳು ನಾನೇ?"

"ನೀವೇ. ಅದೂ ಹಾರೋವಾಗ."

ಇಬ್ಬರೂ ಅವನ ಸ್ಕೂಟರ್ ಹತ್ತಿದರು. ಅವಳ ತೊಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳುಗಳ ಬಾಟಲಿ, ಹೊಸದಾಗಿ ಬಂದ ಮೀನಿಗೆ ಬಲು ಇಷ್ಟದ ತಿನಿಸು.

ಬಾಗಿಲಲ್ಲೇ ಅಮ್ಮ ತುಟಿಯ ಮೇಲೆ ಬೆರಳಿಟ್ಟರು. "ಮೆಲ್ಲಗೆ ಬನ್ನಿ. ಊಟಕ್ಕೆ ಎದ್ದಿದೆ."

ಹವಳದ ನೆರಳಿನಿಂದ ಚುಕ್ಕೆಯ ಮೀನು ಹೊರಬಂತು. ಒಂದು ಕಣ್ಣು ಈ ಕಡೆ, ಒಂದು ಕಣ್ಣು ಆ ಕಡೆ ತಿರುಗಿಸಿ ಬಂಡೆಯನ್ನು ಪರೀಕ್ಷಿಸಿತು. ಅವನು ಬಾಟಲಿ ಬಗ್ಗಿಸಿದ. ಮೀನು ಕುಕ್ಕಿತು... ಮತ್ತೆ ಕುಕ್ಕಿತು.

"ತಿಂತಿದೆ," ಎಂದಳು.

"ಇನ್ನು ಭಯ ಇಲ್ಲ. ತಿನ್ನೋಕೆ ಶುರು ಮಾಡಿದ್ರೆ ಬದುಕ್ತು ಅಂತಾನೇ."

"ಅಮ್ಮ, ಇವರು ಬರೆದಿದ್ದೆಲ್ಲ ಸುಳ್ಳಂತೆ."

"ನಂಗೊತ್ತಿಲ್ವಾ? ದಿನಾ ಇಲ್ಲೇ ಕೂತಿರ್ತೀನಲ್ಲ. ನಾನು ಮಾರ್ಕ್ಸ್ ಕೊಟ್ಟಿದ್ದು ಕಾಗುಣಿತಕ್ಕೆ, ವಿಷಯಕ್ಕಲ್ಲ." ಅಮ್ಮ ಪದಬಂಧ ಎತ್ತಿಕೊಂಡು, ಯಾರೂ ಹೇಳದೆಯೇ ಒಳಗೆ ಹೋದರು.

ಹನ್ನೆರಡರ ಹೊತ್ತಿಗೆ ಮೀನು ಮರಳಿನ ಮೇಲೆ ಎರಡು ಸುತ್ತು ಹಾಕಿ, ಮೂಗು ಊರಿ, ಒಳಗೆ ಜಾರಿತು. ಅವಳು ಆಸ್ಪತ್ರೆಗೆ, ಅವನು ಅಂಗಡಿಗೆ ಎದ್ದು ಹೋಗಬೇಕಿತ್ತು. ಯಾರೂ ಏಳಲಿಲ್ಲ.

"ಇನ್ಮೇಲೆ ಸುಳ್ಳು ಬರೀಬೇಡಿ," ಎಂದಳು.

"ಬರಿಯೋದೇ ಇಲ್ಲ. ಏನಿದ್ರೂ ಬಂದು, ನಿಮ್ಮ ಮುಖ ನೋಡಿ ಹೇಳ್ತೀನಿ."

"ಯಾವಾಗ ಬರ್ತೀರ?"

"ಸಂಜೆ ಐದರ ಮೇಲೆ. ನೀವು ಮನೇಲಿರೋ ಹೊತ್ತಿಗೆ."

"ಆ ಹೊತ್ತಿಗೆ ಮೀನು ಮಲಗಿರತ್ತಲ್ಲ."

"ಮಲಗಿರಲಿ ಬಿಡಿ," ಎಂದ ಅವನು.